ಕಿಡ್ನಿ ಕಸಿ ಆದವರಿಗೆ ಇಮ್ಯುನಿಟಿ ತಗ್ಗಿಸುವ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಬದಿಯ ಊರು. ನನ್ನ ತಮ್ಮನಿಗೆ 34 ವರ್ಷ. ಹದಿನಾಲ್ಕು ತಿಂಗಳ ಹಿಂದೆ ಅವನಿಗೆ ಕಿಡ್ನಿ ಕಸಿ ಆಯಿತು. ಕಿಡ್ನಿ ಕೊಟ್ಟವಳು ನಮ್ಮ ಆಯಿ. ಈಗ ಆರಾಮಾಗಿದ್ದಾನೆ. ದಿನಕ್ಕೆ ಎರಡು ಸಲ ಟ್ಯಾಕ್ರೋಲಿಮಸ್, ಜೊತೆಗೆ ಮೈಕೋಫಿನೋಲೇಟ್, ಸ್ವಲ್ಪ ಪ್ರೆಡ್ನಿಸೋಲೋನ್ ತಗೊಳ್ತಾನೆ. ಕೈ ನಡುಗುತ್ತದೆ ಅಂತಾನೆ. ಎಲ್ಲರೂ ಇಮ್ಯುನಿಟಿ ಜಾಸ್ತಿ ಮಾಡ್ಕೊಳ್ಳಿ ಅನ್ನುವಾಗ ಇವನಿಗೆ ಮಾತ್ರ ಅದನ್ನು ಕಡಿಮೆ ಮಾಡುವ ಮಾತ್ರೆ ಯಾಕೆ? ಹೆತ್ತ ತಾಯಿಯ ಕಿಡ್ನಿಯೇ ಆದರೂ ಬೇಕೇ? ಯಾವ ಜೀವಕೋಶವನ್ನು ತಡೆಯಬೇಕು ಅಂತ ಒಂದು ಸಣ್ಣ ಕ್ಯಾಪ್ಸೂಲಿಗೆ ಹೇಗೆ ಗೊತ್ತಾಗುತ್ತದೆ? ಆಯಿ ದಿನಾ ಅಮೃತಬಳ್ಳಿ ಕಷಾಯ ಮಾಡಿ ಕೊಡ್ತಾಳೆ. ಅದನ್ನು ಕೊಟ್ಟು ಮಾತ್ರೆ ಸ್ವಲ್ಪ ಕಡಿಮೆ ಮಾಡಬಹುದೇ?

ಉತ್ತರ: ಮೊದಲು ತುರ್ತಿನ ಎರಡು ಮಾತು ಹೇಳಿಬಿಡುತ್ತೇನೆ. ಮಾತ್ರೆಯನ್ನು ನೀವಾಗಿಯೇ ಒಂದು ಚೂರೂ ಕಡಿಮೆ ಮಾಡಬೇಡಿ. ಅಮೃತಬಳ್ಳಿ ಕಷಾಯವನ್ನು ಇವತ್ತೇ ನಿಲ್ಲಿಸಿ. ಇಷ್ಟು ದಿನ ಕುಡಿದದ್ದನ್ನು ಕಸಿ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಆಯಿಗೂ ಬೇಸರ ಮಾಡಬೇಡಿ. ಕಿಡ್ನಿ ಕೊಟ್ಟ ಕೈಯೇ ಕಷಾಯವನ್ನೂ ಕೊಟ್ಟದ್ದು. ಯಾಕೆ ಬೇಡ ಅನ್ನುವುದನ್ನು ಅವಳಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಅವಳ ಪಕ್ಕ ಕೂತು ಓದಿ ಹೇಳಿ.

ತಾಯಿಯ ಕಿಡ್ನಿ ಮಗನಿಗೆ ಹೊರಗಿನದು ಹೇಗಾಗುತ್ತದೆ? ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳಿವೆ. ತಟ್ಟೆ ಅಂತ ಅಂದುಕೊಳ್ಳಿ. ಕೋಶವು ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಆ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಾ ಇರುತ್ತದೆ. ಟಿ ಕೋಶ ಎನ್ನುವ ಬಿಳಿ ರಕ್ತಕಣ ಬಂದು ಒಂದೊಂದನ್ನೂ ಮುಟ್ಟಿ ನೋಡಿ ಹೋಗುತ್ತದೆ. ನಮ್ಮದೇ ತಟ್ಟೆ, ನಮ್ಮದೇ ಚೂರು ಆದರೆ ಸುಮ್ನೆ ಮುಂದಕ್ಕೆ. ವೈರಸ್ಸಿನ ಚೂರು ಕಂಡರೆ ಜಗಳ ಶುರು. ಈ ತಟ್ಟೆಗಳ ಜೀನ್‌ಗಳು ಆರನೇ ಕ್ರೋಮೋಸೋಮಿನಲ್ಲಿವೆ. ಅರ್ಧ ಆಯಿಯಿಂದ ಬರುತ್ತವೆ, ಅರ್ಧ ಅಪ್ಪನಿಂದ. ಆಯಿಯ ಕಿಡ್ನಿಯಲ್ಲಿ ಅವಳ ಇನ್ನೊಂದು ಅರ್ಧವೂ ಇದೆಯಲ್ಲ, ಅದು ನಿಮ್ಮ ತಮ್ಮನಿಗೆ ಬಂದೇ ಇಲ್ಲ. ಅವನ ಟಿ ಕೋಶಗಳ ಕಣ್ಣಿಗೆ ಅದು ಗುರುತಿಲ್ಲದ ತಟ್ಟೆ. ಒಬ್ಬ ಮನುಷ್ಯನ ಟಿ ಕೋಶಗಳಲ್ಲಿ ನೂರಕ್ಕೆ ಒಂದರಿಂದ ಹತ್ತರಷ್ಟು ಇಂಥ ಬೇರೆಯವರ ತಟ್ಟೆಗೆ ಸಿಡಿದೇಳಬಲ್ಲವು ಎಂಬ ಅಂದಾಜಿದೆ. ಸಾಮಾನ್ಯ ವೈರಸ್ ಒಂದಕ್ಕೆ ಏಳುವ ಕೋಶಗಳು ಇದಕ್ಕಿಂತ ಎಷ್ಟೋ ಕಡಿಮೆ.

1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗ ಕೊಟ್ಟವರೂ ತಗೊಂಡವರೂ ತದ್ರೂಪಿ ಅವಳಿ ಸಹೋದರರು. ಎಲ್ಲ ತಟ್ಟೆಯೂ ಒಂದೇ. ಹಾಗಾಗಿ ಈ ಮಾತ್ರೆಗಳ ಅಗತ್ಯವೇ ಬರಲಿಲ್ಲ. ಉಳಿದವರಿಗೆಲ್ಲ ಔಷಧ ಬೇಕೇ ಬೇಕು. ತಾಯಿ ಕೊಟ್ಟ ಕಿಡ್ನಿ ಅರ್ಧ ಹೊಂದುತ್ತದೆ, ಅದು ಖಂಡಿತ ಅನುಕೂಲವೇ. ಆದರೆ ಉಳಿದ ಅರ್ಧಕ್ಕೆ ಕಾವಲು ಬೇಕು.

ಈಗ ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ: ಯಾವ ಕೋಶವನ್ನು ತಡೆಯಬೇಕು ಅಂತ ಕ್ಯಾಪ್ಸೂಲಿಗೆ ಹೇಗೆ ಗೊತ್ತಾಗುತ್ತದೆ? ನನ್ನ ಕೆಲಸವೇ ಅದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಟಿ ಕೋಶ ಅನುಮಾನದ ತಟ್ಟೆಯನ್ನು ಮುಟ್ಟಿದ ಕೂಡಲೇ ಹೊಡೆದಾಟಕ್ಕೆ ಇಳಿಯುವುದಿಲ್ಲ. ಹಾಗೆ ಇಳಿದಿದ್ದರೆ ನಾವ್ಯಾರೂ ಬದುಕುತ್ತಿರಲಿಲ್ಲ. ಅದರ ಹೊರಮೈಯ ರಿಸೆಪ್ಟರ್, ಅಂದರೆ ಮುಟ್ಟಿ ಗುರುತಿಸುವ ಪ್ರೋಟೀನು, ತಟ್ಟೆಗೆ ಅಂಟಿಕೊಂಡಾಗ ಒಳಗೆ ಒಂದು ಸುದ್ದಿ ಹೊರಡುತ್ತದೆ. ಆ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶದ ನಡುವಿನ ನ್ಯೂಕ್ಲಿಯಸ್ ತನಕ ಹೋಗಬೇಕು. ಅಲ್ಲಿ ಮುಚ್ಚಿಟ್ಟ ಜೀನ್‌ಗಳು ತೆರೆಯಬೇಕು. ಆಗ ಮಾತ್ರ ಕೋಶ ಎಚ್ಚರವಾಗುತ್ತದೆ. ಇದನ್ನೇ ಸಿಗ್ನಲಿಂಗ್ ಅನ್ನುವುದು.

ಮೊದಲು ಎಲ್‌ಸಿಕೆ ಎಂಬ ಪ್ರೋಟೀನು ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಎಂಬ ಸಣ್ಣ ಗುರುತು ಅಂಟಿಸುತ್ತದೆ. ಆ ಗುರುತು ಕಂಡು ಝ್ಯಾಪ್-70 ಬಂದು ಕೂರುತ್ತದೆ. ಅದು ಇನ್ನೊಂದಕ್ಕೆ ಗುರುತು ಹಾಕುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಇಷ್ಟು ಗೊತ್ತಿದ್ದರೆ ಸಾಕು: ಕೊನೆಗೆ ಕೋಶದ ಪೊರೆಯಲ್ಲಿರುವ ಒಂದು ಕೊಬ್ಬು ತುಂಡಾಗಿ ಎರಡು ಸುದ್ದಿಗಾರರು ಹುಟ್ಟುತ್ತಾರೆ. ಒಬ್ಬನ ಕೆಲಸ ಕ್ಯಾಲ್ಸಿಯಮ್ಮಿಗೆ ಬಾಗಿಲು ತೆಗೆಸುವುದು. ಇನ್ನೊಬ್ಬ ಬೇರೆ ದಾರಿ ಹಿಡಿಯುತ್ತಾನೆ. ಅವನ ಮಾತು ಆಮೇಲೆ.

ಕ್ಯಾಲ್ಸಿಯಮ್ಮಿನ ಕಥೆ ನಿಮಗೆ ಬೇಗ ಹಿಡಿಸುತ್ತದೆ. ನೀವು ಗಜನಿ ಗದ್ದೆ ನೋಡಿ ಬೆಳೆದವರು. ಒಡ್ಡಿನ ಆಚೆ ಉಬ್ಬರದ ಉಪ್ಪುನೀರು ಎದ್ದು ನಿಂತಿರುತ್ತದೆ. ಈಚೆ ಕಗ್ಗ ಭತ್ತದ ಗದ್ದೆ. ನಡುವೆ ಮರದ ಹಲಗೆಯ ಬಾಗಿಲು. ಯಾರೂ ನೀರನ್ನು ಹೊತ್ತು ತರಬೇಕಾಗಿಲ್ಲ, ಹಲಗೆ ಎತ್ತಿದರೆ ಸಾಕು. ಟಿ ಕೋಶವೂ ಹೀಗೆಯೇ. ಅದರ ಹೊರಗೆ ಇರುವ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ಕೋಶವು ಹಗಲೂ ರಾತ್ರಿ ಒಳಗಿನದನ್ನು ಹೊರಹಾಕಿ ತನ್ನನ್ನು ಒಣಗಿಸಿಟ್ಟುಕೊಂಡಿರುತ್ತದೆ. ಯಾಕೆಂದರೆ ಆ ನೀರೇ ಅದರ ಎಚ್ಚರಿಕೆ ಗಂಟೆ.

ಬಾಗಿಲು ತೆರೆಯುವ ರೀತಿ ಇನ್ನೂ ಸೊಗಸು. ಕೋಶದ ಒಳಗೆ ಒಂದು ಸಣ್ಣ ಕೊಪ್ಪರಿಗೆಯಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕೂಡಿಟ್ಟಿರುತ್ತದೆ. ಸುದ್ದಿಗಾರ ಬಂದು ಮೊದಲು ಅದನ್ನು ಖಾಲಿ ಮಾಡಿಸುತ್ತಾನೆ. ಕೊಪ್ಪರಿಗೆ ಬರಿದಾದದ್ದನ್ನು ಸ್ಟಿಮ್1 ಎಂಬ ಪ್ರೋಟೀನು ಗಮನಿಸಿ, ಹೊರಗೋಡೆಗೆ ಹೋಗಿ ಓರೈ1 ಎಂಬ ಬಾಗಿಲನ್ನು ತೆಗೆಯುತ್ತದೆ. ಗ್ರೀಕ್ ಪುರಾಣದಲ್ಲಿ ಸ್ವರ್ಗದ ಬಾಗಿಲು ಕಾಯುವವರ ಹೆಸರು ಅದು. ಈ ಬಾಗಿಲು ಸಿಕ್ಕಿದ್ದು 2006ರಲ್ಲಿ. ಸಿಕ್ಕಿದ್ದಕ್ಕೆ ಒಂದು ಕಾರಣ, ಹುಟ್ಟಿನಿಂದಲೇ ರೋಗದ ವಿರುದ್ಧ ಹೋರಾಡಲಾಗದ ಮಕ್ಕಳಿದ್ದ ಒಂದು ಕುಟುಂಬ. ಆ ಮಕ್ಕಳ ರಕ್ತದಲ್ಲಿ ಟಿ ಕೋಶಗಳಿದ್ದವು. ಆದರೆ ಏಳುತ್ತಿರಲಿಲ್ಲ. ಬಾಗಿಲಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಆ ಮಕ್ಕಳನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಸೈನ್ಯ ಪೂರ್ತಿ ಇದೆ, ಸುದ್ದಿ ಮಾತ್ರ ತಲುಪುವುದಿಲ್ಲ.

ಓದುವ ದಿನಗಳಲ್ಲಿ ಇದನ್ನು ಮೊದಲ ಸಲ ಕಣ್ಣಾರೆ ನೋಡಿದ್ದೆ. ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಬಣ್ಣವನ್ನು ಕೋಶಗಳಿಗೆ ಕುಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೆವು. ಕತ್ತಲಲ್ಲಿ ಒಂದು ಕೋಶ ಹೊಳೆಯಿತು. ಆಮೇಲೆ ಇನ್ನೊಂದು. ಮಳೆಗಾಲದ ಶುರುವಿಗೆ ಗದ್ದೆ ಬದಿಯಲ್ಲಿ ಮಿಂಚುಹುಳ ಏಳುತ್ತವಲ್ಲ, ಹಾಗೆಯೇ. ಅವತ್ತು ಊಟಕ್ಕೆ ಹೋಗುವುದೂ ಮರೆತು ಹೋಗಿತ್ತು.

ಒಳಗೆ ನುಗ್ಗಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದರ ಕೆಲಸ ಎನ್‌ಫ್ಯಾಟ್ ಎಂಬ ಪ್ರೋಟೀನಿನ ಮೈಮೇಲಿರುವ ಫಾಸ್ಫೇಟ್ ಗುರುತುಗಳನ್ನು ಕಿತ್ತು ತೆಗೆಯುವುದು. ಗುರುತು ಇರುವ ತನಕ ಎನ್‌ಫ್ಯಾಟ್ ನ್ಯೂಕ್ಲಿಯಸ್ಸಿನ ಹೊರಗೆ ಕೂತಿರುತ್ತದೆ. ಕಿತ್ತ ಮೇಲೆ ಒಳಗೆ ಹೋಗಿ ಐಎಲ್-2 ಎಂಬ ಜೀನನ್ನು ತೆರೆಯುತ್ತದೆ. ಆ ಜೀನಿನಿಂದ ಹುಟ್ಟುವ ಐಎಲ್-2 ಪ್ರೋಟೀನು ಟಿ ಕೋಶಕ್ಕೆ ಮೇವಿದ್ದ ಹಾಗೆ. ಅದು ಸಿಕ್ಕಿದರೆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಆಗುತ್ತದೆ.

ನಿಮ್ಮ ತಮ್ಮನ ಟ್ಯಾಕ್ರೋಲಿಮಸ್ ಕೈ ಹಾಕುವುದು ಇಲ್ಲೇ. ಕೋಶದೊಳಗೆ ಅದು ಎಫ್‌ಕೆಬಿಪಿ12 ಎಂಬ ಸಣ್ಣ ಪ್ರೋಟೀನಿನ ಜೊತೆ ಸೇರಿಕೊಳ್ಳುತ್ತದೆ. ಇಬ್ಬರೂ ಸೇರಿ ಹೋಗಿ ಕ್ಯಾಲ್ಸಿನ್ಯೂರಿನ್ನಿನ ಬಾಯಿಗೆ ಅಡ್ಡ ನಿಲ್ಲುತ್ತಾರೆ. ಕ್ಯಾಲ್ಸಿಯಂ ಬರುತ್ತದೆ, ಗಂಟೆ ಹೊಡೆಯುತ್ತದೆ, ಆದರೆ ಎನ್‌ಫ್ಯಾಟಿನ ಗುರುತು ಕೀಳುವವರಿಲ್ಲ. ಐಎಲ್-2 ಹುಟ್ಟುವುದಿಲ್ಲ. ಜಪಾನಿನ ಸುಕುಬಾ ಎಂಬಲ್ಲಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಈ ಔಷಧ ಸಿಕ್ಕಿದ್ದು 1984ರಲ್ಲಿ. ಅದಕ್ಕಿಂತ ಮೊದಲು ಬಂದ ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದ್ದು. ಇವೆರಡೂ ತಡೆಯುವುದು ಕ್ಯಾಲ್ಸಿನ್ಯೂರಿನ್ನನ್ನೇ ಎಂದು ಗೊತ್ತಾದದ್ದು 1991ರಲ್ಲಿ. ಅಷ್ಟರಲ್ಲಿ ಸೈಕ್ಲೋಸ್ಪೋರಿನ್ ಎಷ್ಟೋ ಜನರ ಕಿಡ್ನಿ ಉಳಿಸಿಯಾಗಿತ್ತು.

ಹಾಗಾದರೆ ಕ್ಯಾಪ್ಸೂಲಿಗೆ ಟಿ ಕೋಶ ಯಾವುದು ಅಂತ ಗೊತ್ತೇ? ಗೊತ್ತಿಲ್ಲ. ಅದು ರಕ್ತದ ಜೊತೆ ಎಲ್ಲ ಕೋಶಗಳಿಗೂ ಹೋಗುತ್ತದೆ. ಕ್ಯಾಲ್ಸಿನ್ಯೂರಿನ್ ಎಲ್ಲ ಕಡೆಯೂ ಇದೆ. ಆದರೆ ಟಿ ಕೋಶ ಏಳುವುದಕ್ಕೆ ಇದೇ ದಾರಿಯನ್ನು ಬಹಳವಾಗಿ ನಂಬಿದೆ, ಹಾಗಾಗಿ ಪೆಟ್ಟು ಅದಕ್ಕೇ ಜಾಸ್ತಿ. ಉಳಿದ ಕಡೆ ಆಗುವ ಸಣ್ಣ ಪೆಟ್ಟುಗಳನ್ನೇ ನಾವು ಅಡ್ಡ ಪರಿಣಾಮ ಅನ್ನುವುದು. ತಮ್ಮನ ಕೈ ನಡುಗುವುದು ಇದರಿಂದಲೇ ಇರಬಹುದು. ಕ್ಯಾಲ್ಸಿನ್ಯೂರಿನ್ ಮಿದುಳಿನಲ್ಲಿ ತುಂಬಾ ಇದೆ, ಅದರ ಹೆಸರಿನಲ್ಲೇ ನರ ಇದೆ. ರಕ್ತದಲ್ಲಿ ಔಷಧದ ಮಟ್ಟ ಏರಿದಾಗ ನಡುಕವೂ ಏರುವುದುಂಟು. ಬಿಪಿ, ಸಕ್ಕರೆ ಏರುವುದು, ಕೊನೆಗೆ ಮಟ್ಟ ಮೀರಿದರೆ ಕಿಡ್ನಿಗೇ ತೊಂದರೆ ಆಗುವುದು, ಎಲ್ಲ ಇದೇ ಬಗೆಯವು. ಕಿಡ್ನಿ ಉಳಿಸುವ ಔಷಧವೇ ಕಿಡ್ನಿಗೆ ಭಾರ ಆಗಬಲ್ಲದು. ಅದಕ್ಕೇ ವೈದ್ಯರು ಪದೇಪದೇ ರಕ್ತ ತೆಗೆದು ಮಟ್ಟ ನೋಡುವುದು. ನಡುಕದ ವಿಷಯ ಅವರಿಗೆ ಹೇಳಿ. ಡೋಸ್ ಬದಲಿಸುವುದಿದ್ದರೆ ಅವರು ಅಳೆದು ಬದಲಿಸುತ್ತಾರೆ.

ಈಗ ಆ ಎರಡನೇ ಸುದ್ದಿಗಾರ. ಅವನು ಬೇರೆ ದಾರಿಯಲ್ಲಿ ಹೋಗಿ ಎನ್‌ಎಫ್-ಕಪ್ಪಾಬಿ, ಎಪಿ-1 ಎಂಬ ಇನ್ನೆರಡು ಪ್ರೋಟೀನ್‌ಗಳನ್ನು ಎಬ್ಬಿಸುತ್ತಾನೆ. ಐಎಲ್-2 ಜೀನು ಸರಿಯಾಗಿ ತೆರೆಯಬೇಕಾದರೆ ಎನ್‌ಫ್ಯಾಟಿನ ಪಕ್ಕದಲ್ಲಿ ಇವೂ ಬಂದು ಕೂರಬೇಕು. ಈ ದಾರಿಗೆ ಬಲ ಬರುವುದು ಟಿ ಕೋಶದ ಮೇಲಿರುವ ಸಿಡಿ28 ಎಂಬ ಇನ್ನೊಂದು ರಿಸೆಪ್ಟರಿನಿಂದ. ತಟ್ಟೆ ತೋರಿಸುತ್ತಿರುವ ಕೋಶ ಸಿಡಿ28ರ ಕೈಯನ್ನೂ ಹಿಡಿದು "ಹೌದು, ಇಲ್ಲಿ ನಿಜವಾಗಿ ಅಪಾಯ ಇದೆ" ಅಂತ ಹೇಳಬೇಕು. ಅಂಥ ಕೈ ಚಾಚುವುದು ಗಾಯ, ಸೋಂಕು, ಹರಿದ ಜೀವಕೋಶ ಕಂಡಾಗ. ಎರಡೂ ಮಾತು ಸೇರಿದರೆ ಹೋರಾಟ. ಮೊದಲನೆಯದು ಮಾತ್ರ ಬಂದು ಎರಡನೆಯದು ಬಾರದಿದ್ದರೆ ಟಿ ಕೋಶ ಮಂಕಾಗುತ್ತದೆ. ಮುಂದೆ ಕರೆದರೂ ಏಳದ ಹಾಗೆ ಆಗಬಹುದು. ನಮ್ಮ ಮೈ ನಮ್ಮನ್ನೇ ತಿನ್ನದಿರುವುದಕ್ಕೆ ಇದೂ ಒಂದು ಕಾರಣ.

ಕಸಿಯಲ್ಲಿ ಕಷ್ಟ ಏನೆಂದರೆ, ಆಪರೇಷನ್ನೇ ಒಂದು ದೊಡ್ಡ ಗಾಯ. ಕಿಡ್ನಿ ಒಬ್ಬರ ಮೈಯಿಂದ ಹೊರಬಂದು, ತಣ್ಣಗೆ ಕೂತು, ಇನ್ನೊಬ್ಬರ ರಕ್ತ ಹರಿದಾಗ ಅದರ ಕೋಶಗಳು ನೋಯುತ್ತವೆ. ಹಾಗಾಗಿ ಗುರುತಿಲ್ಲದ ತಟ್ಟೆಯ ಜೊತೆಗೆ ಅಪಾಯದ ಕೂಗೂ ಒಟ್ಟಿಗೇ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಔಷಧ ಜಾಸ್ತಿ ಇಟ್ಟು ಆಮೇಲೆ ನಿಧಾನ ಇಳಿಸುವುದಕ್ಕೆ ಇದೂ ಕಾರಣ. ತಮ್ಮನಿಗೂ ಮೊದಲಿಗಿಂತ ಈಗ ಡೋಸ್ ಇಳಿದಿರಬೇಕು. ಇಳಿದದ್ದನ್ನು ನೋಡಿ ಇನ್ನಷ್ಟು ಇಳಿಸೋಣ ಅನಿಸುವುದು ಸಹಜ. ಆದರೆ ತಟ್ಟೆ ಇನ್ನೂ ಅದೇ, ಮುಂದೂ ಅದೇ.

ಐಎಲ್-2 ಹುಟ್ಟಿದ ಮೇಲೂ ಒಂದು ಹಂತ ಉಳಿದಿದೆ. ಅದು ಟಿ ಕೋಶದ ಮೇಲಿನ ತನ್ನ ರಿಸೆಪ್ಟರಿಗೆ ಕೂತು, ಜ್ಯಾಕ್3 ಎಂಬ ಪ್ರೋಟೀನಿನ ಮೂಲಕ "ಒಡೆದು ಎರಡಾಗು" ಅನ್ನುವ ಅಪ್ಪಣೆ ಕಳಿಸುತ್ತದೆ. ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು. ಮೈಕೋಫಿನೋಲೇಟ್ ತಡೆಯುವುದು ಆ ಡಿಎನ್‌ಎಯ ಕಚ್ಚಾ ಸಾಮಾನನ್ನು. ಪ್ರೆಡ್ನಿಸೋಲೋನ್ ಎನ್‌ಎಫ್-ಕಪ್ಪಾಬಿ ಮತ್ತು ಎಪಿ-1ರ ಧ್ವನಿಯನ್ನು ತಗ್ಗಿಸುತ್ತದೆ. ನೋಡಿ, ಮೂರು ಮಾತ್ರೆ ಅಂದರೆ ಮೂರು ಬೇರೆ ಬೇರೆ ಜಾಗದಲ್ಲಿ ಕಾವಲು. ಯಾವುದೊಂದನ್ನೂ ಪೂರ್ತಿ ಮುಚ್ಚದೆ ಮೂರನ್ನೂ ಸ್ವಲ್ಪ ಸ್ವಲ್ಪ ತಗ್ಗಿಸಿ ಇಡುತ್ತಾರೆ. ಒಂದು ಬಿಟ್ಟರೂ ನಡೆಯುತ್ತದೆ ಅನ್ನುವ ಲೆಕ್ಕ ಇದರಲ್ಲಿಲ್ಲ.

ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ ಎಂಬ ಮಾತು ನನಗೆ ಸಂಕಟ ತರುವುದು ಇದಕ್ಕೇ. ಇಮ್ಯುನಿಟಿ ಹಂಡೆಯಲ್ಲಿ ತುಂಬಿಸಿಡುವ ನೀರಲ್ಲ. ಟಿ ಕೋಶದ ಮೇಲೆ ಎಬ್ಬಿಸುವ ಕೈ ಇರುವ ಹಾಗೆಯೇ ತಡೆಯುವ ಕೈಗಳೂ ಇವೆ. ಸಿಟಿಎಲ್‌ಎ-4, ಪಿಡಿ-1 ಅಂಥವು. ಅವುಗಳನ್ನು ಸಡಿಲಿಸಿ ಕ್ಯಾನ್ಸರ್ ವಿರುದ್ಧ ಟಿ ಕೋಶಗಳನ್ನು ಬಿಡಬಹುದು ಎಂದು ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಅದು ದೊಡ್ಡ ಔಷಧವೇ. ಆದರೆ ಅದೇ ಔಷಧ ಕಸಿ ಆದವರಿಗೆ ಕೊಟ್ಟರೆ ಕಿಡ್ನಿಯೇ ಹೋಗುವ ಅಪಾಯ ಇದೆ. ಇನ್ನು ಬೇರೆ ಟಿ ಕೋಶಗಳನ್ನು ಸಮಾಧಾನ ಮಾಡುವುದೇ ಕೆಲಸವಾಗಿರುವ ಟಿ ಕೋಶಗಳೂ ಇವೆ. 2025ರ ನೊಬೆಲ್ ಅವುಗಳ ಕೆಲಸಕ್ಕೇ ಸಿಕ್ಕಿತು. ನಿಮ್ಮ ತಮ್ಮ ಆಯಿಯ ಹೊಟ್ಟೆಯಲ್ಲಿದ್ದಾಗ ಅವನಲ್ಲಿದ್ದ ಅಪ್ಪನ ಅರ್ಧವನ್ನು ಅವಳ ಮೈ ಒಂಬತ್ತು ತಿಂಗಳು ಸಹಿಸಿಕೊಂಡಿತಲ್ಲ, ಅದರಲ್ಲಿ ಈ ಕೋಶಗಳ ಪಾಲೂ ಇದೆ. ಇದನ್ನು ಅವಳಿಗೆ ತಪ್ಪದೆ ಹೇಳಿ.

ಎಬ್ಬಿಸುವ ಕೈಯೊಂದನ್ನೇ ಜೋರಾಗಿ ಎಳೆದರೆ ಏನಾಗುತ್ತದೆ ಎಂಬುದು 2006ರಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಸಿಡಿ28ನ್ನು ನೇರವಾಗಿ ಎಬ್ಬಿಸುವ ಟಿಜಿಎನ್1412 ಎಂಬ ಹೊಸ ಔಷಧವನ್ನು ಆರು ಆರೋಗ್ಯವಂತ ಯುವಕರಿಗೆ ಪರೀಕ್ಷೆಗಾಗಿ ಕೊಟ್ಟರು. ಮೊದಲ ಸಿಗ್ನಲ್ ಇಲ್ಲದೆಯೇ ಟಿ ಕೋಶಗಳು ಎದ್ದುಬಿಟ್ಟವು. ಎರಡು ಗಂಟೆಯೊಳಗೆ ಆರೂ ಜನ ತಲೆನೋವು, ಜ್ವರ, ವಾಂತಿಯಿಂದ ಮಲಗಿದರು. ಮುಂದೆ ಅಂಗಾಂಗಗಳೇ ಸೋತವು. ತೀವ್ರ ನಿಗಾ ಘಟಕದಲ್ಲಿಟ್ಟು ಎಲ್ಲರನ್ನೂ ಉಳಿಸಿಕೊಂಡರು.

ಅಮೃತಬಳ್ಳಿ ಅಷ್ಟು ಘೋರ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೇಲಿಯ ಬಳ್ಳಿ ಅದು, ನಾನೂ ಚಿಕ್ಕಂದಿನಲ್ಲಿ ಕುಡಿದಿದ್ದೇನೆ. ಆದರೆ ಅದನ್ನು ಕುಡಿಸುವುದೇ ಪ್ರತಿರೋಧವನ್ನು ಎಬ್ಬಿಸಲಿ ಅಂತ. ತಮ್ಮನ ಮಾತ್ರೆ ಇರುವುದು ಅದು ಏಳದಿರಲಿ ಅಂತ. ಒಂದು ಕೈ ಹಲಗೆ ಇಳಿಸುವಾಗ ಇನ್ನೊಂದು ಕೈ ಎತ್ತಿದ ಹಾಗೆ. ಜೊತೆಗೆ 2021ರಲ್ಲಿ ಮುಂಬೈ ವೈದ್ಯರು ಈ ಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಮೈಯ ಪ್ರತಿರೋಧವೇ ಲಿವರಿನ ಮೇಲೆ ತಿರುಗಿದಂಥ ಲಕ್ಷಣಗಳು ಅವು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ಆ ವಾದದಲ್ಲಿ ಯಾರು ಗೆದ್ದರೂ ನಿಮ್ಮ ತಮ್ಮ ಆ ಪ್ರಯೋಗಕ್ಕೆ ಕೂರಬೇಕಾಗಿಲ್ಲ. ಅವನ ಹತ್ತಿರ ಇರುವುದು ಒಂದೇ ಕಿಡ್ನಿ. ಆಯಿಯ ಹತ್ತಿರ ಕೊಡಲು ಇನ್ನೊಂದಿಲ್ಲ.

ಇದನ್ನು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಸಂಬಂಧಿಕರೊಬ್ಬರು ಕಸಿಯಾದ ಮೂರನೇ ವರ್ಷ ಹೀಗೆಯೇ ಮಾತ್ರೆ ಅರ್ಧ ಮಾಡಿಕೊಂಡರು. ಮೂರು ತಿಂಗಳು ಏನೂ ಆಗಲಿಲ್ಲ. ನೋವಿಲ್ಲ, ಜ್ವರ ಇಲ್ಲ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತ ಪರೀಕ್ಷೆಯಲ್ಲಿ ಏರಿದ್ದು ಕಂಡಾಗ ಕಿಡ್ನಿಯ ಬಹುಪಾಲು ಹೋಗಿತ್ತು. ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸುವುದು ಸದ್ದು ಮಾಡದೆ ಬರುತ್ತದೆ. ಆರಾಮಾಗಿದ್ದೇನೆ ಅನ್ನುವುದು ಮಾತ್ರೆ ಬೇಡ ಅನ್ನುವುದರ ಗುರುತಲ್ಲ.

ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗಬೇಕು. ಬೆಳಿಗ್ಗೆ ಬೇಗ ರೈಲು ಹತ್ತುವ ಗಡಿಬಿಡಿಯಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ರಕ್ತ ಕೊಡುವ ತನಕ ಬೆಳಗಿನ ಡೋಸ್ ತಗೊಳ್ಳಬಾರದು. ಹಿಂದಿನ ಡೋಸ್ ಆಗಿ ಹನ್ನೆರಡು ಗಂಟೆ ಹೊತ್ತಿಗೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ಅವರು ನೋಡುವುದು. ಮನೆಯಲ್ಲೇ ನುಂಗಿ ಹೊರಟರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸುತ್ತದೆ, ವೈದ್ಯರು ಡೋಸ್ ಇಳಿಸಿಬಿಡಬಹುದು. ಕ್ಯಾಪ್ಸೂಲ್ ಜೇಬಿನಲ್ಲಿರಲಿ, ರಕ್ತ ಕೊಟ್ಟ ಕೂಡಲೇ ನುಂಗಲಿ. ರೈಲು ತಡವಾಗುವ ಹಾಗಿದ್ದರೆ ಹಿಂದಿನ ರಾತ್ರಿಯ ಡೋಸ್ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಳ್ಳಿ.

ಚಕ್ಕೋತ ಹಣ್ಣು ಬೇಡ. ನಮ್ಮ ಘಟ್ಟದ ಮೇಲಿನವರು ಸಕ್ಕರೆ ಕಂಚಿ ಅನ್ನುತ್ತಾರಲ್ಲ, ಅದೇ. ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಕಿಣ್ವವನ್ನು ಅದು ತಡೆದು ಮಟ್ಟ ಏರಿಸುತ್ತದೆ. ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆಗಳೂ ಹಾಗೆಯೇ. ಟಿಬಿಗೆ ಕೊಡುವ ರಿಫಾಂಪಿಸಿನ್ ಉಲ್ಟಾ, ಮಟ್ಟ ಬೀಳಿಸುತ್ತದೆ. ಹಾಗಾಗಿ ಊರಿನ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಮಾತ್ರೆ ತಗೊಳ್ಳಬೇಡಿ. ಹೊಳೆಯ ಬಳಚು, ಅಂದರೆ ಚಿಪ್ಪುಮೀನು, ತಿನ್ನುವುದಾದರೆ ಚೆನ್ನಾಗಿ ಬೆಂದದ್ದೇ ಆಗಬೇಕು. ಮಳೆಗಾಲದಲ್ಲಿ ಗಾಯ ಇದ್ದ ಕಾಲಲ್ಲಿ ಗದ್ದೆ ನೀರಿಗೆ ಇಳಿಯುವುದು ಬೇಡ, ಇಲಿಜ್ವರ ನಮ್ಮ ಕಡೆ ಇದೆ. ಜ್ವರ ಬಂದರೆ ಎರಡು ದಿನ ನೋಡೋಣ ಅನ್ನದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಎಳನೀರಿನಲ್ಲಿ ಪೊಟ್ಯಾಶಿಯಂ ಇದೆ, ಟ್ಯಾಕ್ರೋಲಿಮಸ್ಸೂ ಪೊಟ್ಯಾಶಿಯಂ ಏರಿಸಬಲ್ಲದು. ಅದನ್ನೂ ಕೇಳಿಯೇ ಕುಡಿಯಲಿ.

ಬೆಳಿಗ್ಗೆ ಕಷಾಯದ ಹೊತ್ತಿಗೆ ಆಯಿಗೆ ಕೈ ಖಾಲಿ ಅನಿಸುತ್ತದೆ, ಗೊತ್ತು. ಮನೆಯಲ್ಲಿ ಕಗ್ಗದ ಅಕ್ಕಿ ಇದ್ದರೆ ಬಿಸಿ ಗಂಜಿ ಮಾಡಿ ಕೊಡಲಿ. ನಿಮ್ಮ ತಮ್ಮ ಕ್ಯಾಪ್ಸೂಲ್ ನುಂಗಿದ್ದನ್ನು ಗಡಿಯಾರ ನೋಡಿ ಬರೆದಿಡುವ ಕೆಲಸವನ್ನೂ ಅವಳಿಗೇ ಕೊಡಿ.